ಗೇರ್ ‘ಪಿ’ ಬಿಟ್ಟು ಬರುತ್ತಿಲ್ಲವೇ? ಆಟೋಮ್ಯಾಟಿಕ್ ಕಾರಿನ ಶಿಫ್ಟ್ ಲಾಕ್ ದೋಷ ಹುಡುಕುವ ಬಗೆ

ಬೆಳಿಗ್ಗೆ ಎಂಟೂವರೆ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್. ಎಂಜಿನ್ ಓಡುತ್ತಿದೆ, ಎಸಿ ಬರುತ್ತಿದೆ, ಕಾಲು ಬ್ರೇಕ್ ಮೇಲಿದೆ. ಗೇರ್ ಲಿವರ್ ಮಾತ್ರ ‘ಪಿ’ (ಪಾರ್ಕ್) ಸ್ಥಾನದಿಂದ ಕದಲುವುದಿಲ್ಲ. ಹಿಂದೆ ಇನ್ನೊಬ್ಬರು ಹಾರ್ನ್ ಹೊಡೆಯುತ್ತಿದ್ದಾರೆ. ಆಗ ಎಲ್ಲರಿಗೂ ಕೈ ಹೋಗುವುದು ಒಂದೇ ಕೆಲಸಕ್ಕೆ: ಲಿವರನ್ನು ಜೋರಾಗಿ ಜಗ್ಗುವುದು. ಅದೊಂದನ್ನು ಮಾಡಬೇಡಿ. ಲಿವರಿನ ಬುಡದಲ್ಲಿರುವ ಭಾಗಗಳು ಬಹುಪಾಲು ಪ್ಲಾಸ್ಟಿಕ್. ಒಂದು ಸಣ್ಣ ಸ್ವಿಚ್ ಬದಲಿಸಿದರೆ ಮುಗಿಯುತ್ತಿದ್ದ ಕೆಲಸ, ಜಗ್ಗಿದ ಮೇಲೆ ಇಡೀ ಲಿವರ್ ಅಸೆಂಬ್ಲಿ ಬದಲಿಸುವಲ್ಲಿಗೆ ಹೋಗಿ ನಿಲ್ಲುತ್ತದೆ.

ಸಮಾಧಾನದ ಸಂಗತಿ ಏನೆಂದರೆ, ಇಂಥ ದೋಷ ಗೇರ್‌ಬಾಕ್ಸಿನ ಒಳಗೆ ಇರುವುದು ಬಹಳ ಅಪರೂಪ. ಬ್ರೇಕ್ ಒತ್ತಿದಾಗ ಪೆಡಲಿನ ಮೇಲ್ತುದಿಯಲ್ಲಿರುವ ಪುಟ್ಟ ಸ್ವಿಚ್ ಎರಡು ಕೆಲಸ ಮಾಡುತ್ತದೆ. ಹಿಂದಿನ ಬ್ರೇಕ್ ಲೈಟ್ ಹೊತ್ತಿಸುತ್ತದೆ. ಜೊತೆಗೆ ಬ್ರೇಕ್ ಮೇಲೆ ಕಾಲು ಬಿದ್ದಿದೆ ಅಂತ ಗೇರ್ ಲಿವರ್ ಕಡೆಗೆ ಸಿಗ್ನಲ್ ಕಳಿಸುತ್ತದೆ. ಅಲ್ಲಿ ಸೊಲೆನಾಯ್ಡ್ ಅನ್ನುವ ಚಿಕ್ಕ ವಿದ್ಯುತ್ ಅಯಸ್ಕಾಂತ ಇದೆ. ಸಿಗ್ನಲ್ ಬಂದ ಕೂಡಲೇ ಅದು ಟಕ್ ಅಂತ ಒಂದು ಚಿಲಕ ಸರಿಸುತ್ತದೆ, ಲಿವರ್ ಬಿಡುಗಡೆಯಾಗುತ್ತದೆ. ಈ ಏರ್ಪಾಡಿಗೇ ಶಿಫ್ಟ್ ಲಾಕ್ ಅನ್ನುವುದು. ಸ್ವಿಚ್, ಫ್ಯೂಸ್, ವೈರ್, ಬ್ಯಾಟರಿ, ಸೊಲೆನಾಯ್ಡ್. ಹುಡುಕಬೇಕಾದ್ದು ಹೆಚ್ಚುಕಡಿಮೆ ಇಷ್ಟರಲ್ಲೇ.

ನಿಮ್ಮದು ಎಎಂಟಿ ಕಾರಾದರೆ, ಅಂದರೆ ಮ್ಯಾನುವಲ್ ಗೇರ್‌ಬಾಕ್ಸಿನ ಕ್ಲಚ್, ಗೇರನ್ನು ಯಂತ್ರವೇ ನೋಡಿಕೊಳ್ಳುವ ಕಾರಾದರೆ, ಈ ಬರಹ ನಿಮಗಲ್ಲ. ಅಂಥ ಕಾರುಗಳಲ್ಲಿ ಸಾಮಾನ್ಯವಾಗಿ ‘ಪಿ’ ಅನ್ನುವ ಸ್ಥಾನವೇ ಇರುವುದಿಲ್ಲ. ಟಾರ್ಕ್ ಕನ್ವರ್ಟರ್, ಸಿವಿಟಿ, ಡಿಸಿಟಿ ಅನ್ನುವ ಬೇರೆ ಬಗೆಯ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇರುವ ಕಾರುಗಳಿಗೆ ಇಲ್ಲಿ ಹೇಳುವುದು ಹೊಂದುತ್ತದೆ.

ಕೈ ಹಾಕುವ ಮೊದಲು

ಹ್ಯಾಂಡ್ ಬ್ರೇಕ್ ಪೂರ್ತಿ ಎಳೆಯಿರಿ. ರ‍್ಯಾಂಪ್ ಮೇಲೆ ಅಥವಾ ಇಳಿಜಾರಿನಲ್ಲಿ ಇದ್ದರೆ ಚಕ್ರಕ್ಕೆ ಕಲ್ಲು ಕೊಡಿ. ಕಾರಿನ ಮುಂದೆ ಹಿಂದೆ ಯಾರೂ ನಿಲ್ಲದ ಹಾಗೆ ನೋಡಿಕೊಳ್ಳಿ, ಮಕ್ಕಳನ್ನು ಕಾರಿನಿಂದ ಇಳಿಸಿ. ಗೇರ್ ಯಾವ ಕ್ಷಣದಲ್ಲಾದರೂ ಬಿಡುಗಡೆಯಾಗಬಹುದು, ಆಗ ಕಾರನ್ನು ಹಿಡಿದಿಡಲು ಹ್ಯಾಂಡ್ ಬ್ರೇಕ್ ಒಂದೇ ಇರುತ್ತದೆ. ಬೇಸ್‌ಮೆಂಟಿನಲ್ಲಿ ಎಂಜಿನ್ ಓಡಿಸಿಕೊಂಡು ತುಂಬ ಹೊತ್ತು ಪರೀಕ್ಷೆ ಮಾಡುತ್ತಾ ಕೂರಬೇಡಿ. ಇಲ್ಲಿನ ಹೆಚ್ಚಿನ ಪರೀಕ್ಷೆಗಳಿಗೆ ಎಂಜಿನ್ ಬೇಡ, ಇಗ್ನಿಷನ್ ಆನ್ ಇದ್ದರೆ ಸಾಕು.

ಲಕ್ಷಣ: ಬ್ರೇಕ್ ಒತ್ತಿದ್ದೇನೆ, ಆದರೂ ಬರುತ್ತಿಲ್ಲ

ಮೊದಲು ದುಡ್ಡು ಖರ್ಚಾಗದ ತಪಾಸಣೆಗಳು. ಇಗ್ನಿಷನ್ ನಿಜವಾಗಿಯೂ ಆನ್ ಆಗಿದೆಯಾ? ಪುಶ್ ಬಟನ್ ಕಾರುಗಳಲ್ಲಿ ಬ್ರೇಕ್ ಒತ್ತದೆ ಬಟನ್ ಒತ್ತಿದರೆ ಮೊದಲ ಸಲಕ್ಕೆ ಬರೀ ಆಕ್ಸೆಸರಿ ಆನ್ ಆಗುತ್ತದೆ. ಹಾಡು ಬರುತ್ತದೆ, ಗೇರ್ ಬರುವುದಿಲ್ಲ. ಪೆಡಲಿನ ಕೆಳಗೆ ನೀರಿನ ಬಾಟಲ್ ಉರುಳಿ ಸಿಕ್ಕಿಕೊಂಡಿದೆಯಾ? ಹೊಸದಾಗಿ ಹಾಕಿಸಿದ ದಪ್ಪ ಮ್ಯಾಟ್ ಪೆಡಲ್ ಪೂರ್ತಿ ಇಳಿಯದಂತೆ ತಡೆಯುತ್ತಿದೆಯಾ? ಲಿವರಿನಲ್ಲಿ ಬಟನ್ ಇರುವ ಕಾರಾದರೆ, ಬ್ರೇಕ್ ಒತ್ತಿದ ಮೇಲೆ ಬಟನ್ ಒತ್ತಿ. ಲಿವರನ್ನು ಮೊದಲೇ ಎಳೆದು ಹಿಡಿದುಕೊಂಡು ಆಮೇಲೆ ಬ್ರೇಕ್ ಒತ್ತಿದರೆ ಚಿಲಕದ ಮೇಲೆ ಭಾರ ಬಿದ್ದು ಅದು ಸರಿಯಲಾಗದೆ ಉಳಿಯಬಹುದು.

ಇನ್ನೊಂದು ವಿಚಿತ್ರ ಇದೆ. ಎಂಜಿನ್ ಆಫ್ ಇರುವಾಗ ಬ್ರೇಕನ್ನು ನಾಲ್ಕೈದು ಸಲ ಒತ್ತಿ ಬಿಟ್ಟರೆ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಕಾಲಿನ ಬಲವನ್ನು ಹೆಚ್ಚಿಸಿಕೊಡುವ ಬ್ರೇಕ್ ಬೂಸ್ಟರಿನಲ್ಲಿ ಉಳಿದಿದ್ದ ವ್ಯಾಕ್ಯೂಮ್ ಖಾಲಿಯಾಯಿತು, ಅಷ್ಟೇ. ಆಮೇಲೆ ಮೆಲ್ಲಗೆ ಒತ್ತಿದರೆ ಪೆಡಲ್ ಸ್ವಿಚ್ ತಾಗುವಷ್ಟು ಇಳಿಯುವುದೇ ಇಲ್ಲ. ಕಾರು ಸ್ಟಾರ್ಟ್ ಆಗುವುದಿಲ್ಲ, ಗೇರ್ ಕೂಡ ಬರುವುದಿಲ್ಲ. ಕಾಲಿನ ಬಲ ಹಾಕಿ ಒತ್ತಿ ನೋಡಿ. ಎಂಜಿನ್ ಓಡಲು ಶುರುವಾದ ಕೂಡಲೇ ಪೆಡಲ್ ತಾನಾಗಿ ಸ್ವಲ್ಪ ಕೆಳಗಿಳಿಯಬೇಕು. ಎಂಜಿನ್ ಓಡುವಾಗಲೂ ಗಟ್ಟಿಯಾಗೇ ಇದ್ದರೆ ಅದು ಬ್ರೇಕಿನದೇ ದೋಷ. ಗೇರ್ ಬಂದರೂ ಆ ಕಾರನ್ನು ರಸ್ತೆಗೆ ಇಳಿಸಬೇಡಿ.

ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ‘ಎನ್’ಗೆ (ನ್ಯೂಟ್ರಲ್) ಹಾಕಿ ನಿಂತಿದ್ದೆ, ಹಸಿರು ಬಿದ್ದಾಗ ‘ಡಿ’ಗೆ (ಡ್ರೈವ್) ಹೋಗಲೇ ಇಲ್ಲ ಅಂತ ಗಾಬರಿಯಾಗುವವರಿದ್ದಾರೆ. ಕೆಲವು ಕಾರುಗಳಲ್ಲಿ ‘ಎನ್’ನಲ್ಲೂ ಲಾಕ್ ಇರುತ್ತದೆ, ಬ್ರೇಕ್ ಒತ್ತಿದರೆ ಮಾತ್ರ ಬಿಡುತ್ತದೆ. ಅದು ದೋಷವಲ್ಲ.

ಮುಖ್ಯ ಪರೀಕ್ಷೆ: ಬ್ರೇಕ್ ಲೈಟ್ ನೋಡಿ

ಮೇಲಿನದ್ಯಾವುದೂ ಅಲ್ಲ ಅಂದರೆ ಬೇರೆ ಏನನ್ನೂ ಮುಟ್ಟುವ ಮೊದಲು ಈ ಪರೀಕ್ಷೆ ಮಾಡಿ. ಅರ್ಧ ಉತ್ತರ ಇಲ್ಲೇ ಸಿಗುತ್ತದೆ. ಸೆಕ್ಯುರಿಟಿಯವರನ್ನು ಕರೆದು, ‘ಅಣ್ಣ, ಹಿಂದೆ ಬ್ರೇಕ್ ಲೈಟ್ ಬರ್ತಾ ಇದ್ಯಾ ನೋಡಿ’ ಅನ್ನಿ. ಯಾರೂ ಇಲ್ಲದಿದ್ದರೆ ಹಿಂದಿನ ಗೋಡೆಯ ಮೇಲೆ ಕೆಂಪು ಬೆಳಕು ಬೀಳುತ್ತದಾ ಅಂತ ಕನ್ನಡಿಯಲ್ಲಿ ನೋಡಿ, ಬೇಸ್‌ಮೆಂಟಿನ ಕತ್ತಲು ಇಲ್ಲಿ ಉಪಕಾರಕ್ಕೆ ಬರುತ್ತದೆ. ಹೆಡ್‌ಲೈಟ್ ಆಫ್ ಇರಲಿ. ಇಲ್ಲದಿದ್ದರೆ ಟೇಲ್ ಲ್ಯಾಂಪಿನ ಕೆಂಪನ್ನೇ ಬ್ರೇಕ್ ಲೈಟ್ ಅಂದುಕೊಳ್ಳುತ್ತೀರಿ.

ಎಡ, ಬಲ, ಮೇಲಿನದು, ಒಂದೂ ಹೊತ್ತುತ್ತಿಲ್ಲ. ಎಲ್ಲ ಬಲ್ಬುಗಳೂ ಒಟ್ಟಿಗೆ ಸುಡುವುದಿಲ್ಲ, ಅಲ್ವಾ? ಹಾಗಾಗಿ ಫ್ಯೂಸ್ ಅಥವಾ ಬ್ರೇಕ್ ಸ್ವಿಚ್. ಮೊದಲು ಫ್ಯೂಸ್ ನೋಡಿ. ಫ್ಯೂಸ್ ಬಾಕ್ಸ್ ಒಂದು ಡ್ಯಾಶ್‌ಬೋರ್ಡಿನ ಕೆಳಗೆ ಇರುತ್ತದೆ, ಇನ್ನೊಂದು ಬಾನೆಟ್ಟಿನೊಳಗೆ. ಯಾವ ಫ್ಯೂಸ್ ಯಾವುದಕ್ಕೆ ಅನ್ನುವುದು ಮುಚ್ಚಳದ ಒಳಗೆ ಅಥವಾ ಕಾರಿನ ಕೈಪಿಡಿಯಲ್ಲಿ ಬರೆದಿರುತ್ತದೆ. ಸ್ಟಾಪ್ ಲ್ಯಾಂಪ್ ಅಂತ ಇರುವುದನ್ನು ಹುಡುಕಿ. ಇಗ್ನಿಷನ್ ಆಫ್ ಮಾಡಿ ಕಿತ್ತು ಬೆಳಕಿಗೆ ಹಿಡಿಯಿರಿ, ಒಳಗಿನ ತಂತಿ ತುಂಡಾಗಿದ್ದರೆ ಕಾಣುತ್ತದೆ. ಹಾಕುವಾಗ ಅದೇ ಆಂಪಿಯರಿನದ್ದನ್ನೇ ಹಾಕಿ. ಬಣ್ಣದಿಂದ ಗುರುತು ಹಿಡಿಯಬಹುದು: ಕೆಂಪು 10, ನೀಲಿ 15, ಹಳದಿ 20. ಹತ್ತರ ಜಾಗಕ್ಕೆ ಇಪ್ಪತ್ತು ಹಾಕುವುದು, ತಂತಿ ಸುತ್ತುವುದು, ಸಿಗರೇಟ್ ಪ್ಯಾಕಿನ ಹಾಳೆ ಮಡಚಿ ತುರುಕುವುದು, ಇವೆಲ್ಲ ಕಾರಿಗೆ ಬೆಂಕಿ ಹಚ್ಚುವ ಕೆಲಸ. ಹೊಸ ಫ್ಯೂಸ್ ಹಾಕಿದ ಕೂಡಲೇ ಮತ್ತೆ ಸುಟ್ಟರೆ ಎಲ್ಲೋ ಶಾರ್ಟ್ ಆಗಿದೆ. ಮತ್ತೊಂದು ಹಾಕಿ ನೋಡಬೇಡಿ, ಎಲೆಕ್ಟ್ರಿಷಿಯನ್ ಕರೆಯಿರಿ.

ಫ್ಯೂಸ್ ಸರಿ ಇದ್ದರೆ ಉಳಿದ ದೊಡ್ಡ ಅನುಮಾನ ಬ್ರೇಕ್ ಸ್ವಿಚ್. ಟಾರ್ಚ್ ಹಿಡಿದು ಪೆಡಲಿನ ತೋಳನ್ನು ಮೇಲಕ್ಕೆ ಹಿಂಬಾಲಿಸಿದರೆ, ಎರಡೋ ನಾಲ್ಕೋ ವೈರ್ ಇರುವ ಪ್ಲಗ್ ಸಮೇತ ಅದು ಕಾಣುತ್ತದೆ. ಪ್ಲಗ್ ಸಡಿಲವಾಗಿದ್ದರೆ ಒತ್ತಿ ಕೂರಿಸಿ. ಅಷ್ಟರಲ್ಲೇ ಸರಿಹೋದ ಕಾರುಗಳೂ ಇವೆ. ಈ ದೋಷ ಒಂದೇ ದಿನದಲ್ಲಿ ಬರುವುದು ಕಡಿಮೆ. ಇಂದು ಎರಡನೇ ಸಲಕ್ಕೆ ಬಂತು, ನಾಳೆ ನಾಲ್ಕನೇ ಸಲಕ್ಕೆ ಬಂತು, ಆಮೇಲೆ ಒಂದು ದಿನ ಬರಲೇ ಇಲ್ಲ. ನಮ್ಮೂರಿನ ಟ್ರಾಫಿಕ್‌ನಲ್ಲಿ ಬ್ರೇಕ್ ಮೇಲಿನ ಕಾಲು ತೆಗೆಯುವುದೇ ಅಪರೂಪ, ಒಳಗಿನ ಕಾಂಟ್ಯಾಕ್ಟ್ ಸವೆಯುವುದರಲ್ಲಿ ಆಶ್ಚರ್ಯ ಏನಿದೆ? ಬ್ರೇಕ್ ಲೈಟ್ ಇಲ್ಲದ ಕಾರನ್ನು ಹೊರ ವರ್ತುಲ ರಸ್ತೆಗೆ ತೆಗೆದುಕೊಂಡು ಹೋಗುವುದು, ಹಿಂದಿನವರಿಗೆ ಬಂದು ಗುದ್ದಿ ಅಂತ ಕರೆ ಕೊಟ್ಟ ಹಾಗೆ. ಸ್ವಿಚ್ ಹಾಕಿಸಿಯೇ ಹೊರಡಿ.

ಬ್ರೇಕ್ ಲೈಟ್ ಸರಿಯಾಗಿ ಹೊತ್ತುತ್ತಿದೆ. ಹಾಗಿದ್ದರೆ ಸ್ವಿಚ್ ಬಹುಶಃ ಸರಿ ಇದೆ. ಬಹುಶಃ ಅನ್ನಲು ಕಾರಣ ಇದೆ: ಕೆಲವು ಸ್ವಿಚ್ಚುಗಳಲ್ಲಿ ಎರಡು ಕಾಂಟ್ಯಾಕ್ಟ್ ಇರುತ್ತವೆ. ಲೈಟಿನದ್ದು ಚೆನ್ನಾಗಿದ್ದು ಇನ್ನೊಂದು ಕೆಟ್ಟಿರಬಹುದು. ಅದು ಗ್ಯಾರೇಜಿನ ಸ್ಕ್ಯಾನರಿನಲ್ಲಿ (ಕಾರಿನ ಕಂಪ್ಯೂಟರಿನಿಂದ ದೋಷ ಓದುವ ಸಾಧನ) ಗೊತ್ತಾಗುತ್ತದೆ. ಸದ್ಯಕ್ಕೆ ಮುಂದಿನ ಪರೀಕ್ಷೆಗೆ ಹೋಗಿ.

ಲಕ್ಷಣ: ‘ಟಕ್’ ಸದ್ದು ಇದೆಯಾ, ಇಲ್ಲವಾ?

ಎಸಿ, ಹಾಡು ಎಲ್ಲ ಬಂದ್ ಮಾಡಿ. ಇಗ್ನಿಷನ್ ಆನ್ ಇಟ್ಟು ಲಿವರಿನ ಬುಡಕ್ಕೆ ಕಿವಿಗೊಟ್ಟು ಬ್ರೇಕ್ ಒತ್ತಿ.

ಸದ್ದು ಬಂತು, ಲಿವರ್ ಬರಲಿಲ್ಲ. ಕರೆಂಟ್ ತಲುಪುತ್ತಿದೆ, ಸೊಲೆನಾಯ್ಡ್ ಕೆಲಸ ಮಾಡುತ್ತಿದೆ. ತಡೆ ಯಾಂತ್ರಿಕ. ಕಪ್ ಹೋಲ್ಡರ್ ಪಕ್ಕದಲ್ಲೇ ಇರುವುದರಿಂದ ಕಾಫಿ, ಜ್ಯೂಸ್ ಚೆಲ್ಲಿ ಒಳಗೆ ಅಂಟಾಗಿರಬಹುದು. ಚಿಲ್ಲರೆ ನಾಣ್ಯವೋ ಪೆನ್ನಿನ ಕ್ಯಾಪೋ ಸಿಕ್ಕಿರಬಹುದು. ಲಿವರಿನ ಬಟನ್ ಒತ್ತಿದಾಗ ಮೊದಲಿನಂತೆ ಗಟ್ಟಿ ಅನ್ನಿಸದೆ ಪೊಳ್ಳಾಗಿ ಒಳಗೆ ಹೋದರೆ ಒಳಗಿನ ಕಡ್ಡಿ ಮುರಿದಿದೆ. ಅಂಟಿಗೆ ನೀರು ಅಥವಾ ಎಣ್ಣೆ ಸುರಿಯಬೇಡಿ, ಕೆಳಗೆ ಸ್ವಿಚ್ಚುಗಳಿವೆ.

ಸದ್ದೇ ಬರಲಿಲ್ಲ. ಬ್ಯಾಟರಿಯಿಂದ ಶುರು ಮಾಡಿ. ಡ್ಯಾಶ್‌ಬೋರ್ಡ್ ದೀಪಗಳು ಮಂಕಾಗಿವೆಯಾ? ಹಾರ್ನ್ ದನಿ ಕುಗ್ಗಿದೆಯಾ? ವೋಲ್ಟ್ ಅಳೆಯಲು ಎಸ್.ಪಿ. ರಸ್ತೆಯಲ್ಲಿ ಸಿಗುವ ಸಾಧಾರಣ ಮಲ್ಟಿಮೀಟರ್ ಸಾಕು. ರಾತ್ರಿಯೆಲ್ಲ ನಿಂತ ಕಾರಿನಲ್ಲಿ ಪೂರ್ತಿ ಚಾರ್ಜ್ ಇರುವ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12ಕ್ಕಿಂತ ಕೆಳಗಿದ್ದರೆ ಅದು ಬಸವಳಿದಿದೆ ಅಂತಲೇ ಲೆಕ್ಕ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.5ರ ನಡುವೆ ಇರಬೇಕು. ಬೇರೆ ಬ್ಯಾಟರಿಯಿಂದ ಕರೆಂಟ್ ಕೊಟ್ಟು ಜಂಪ್ ಸ್ಟಾರ್ಟ್ ಮಾಡಿದ ಕೂಡಲೇ ಗೇರ್ ಸಲೀಸಾಗಿ ಬಂದರೆ ಶಿಫ್ಟ್ ಲಾಕಿನದ್ದೇನೂ ತಪ್ಪಿಲ್ಲ.

ಬ್ಯಾಟರಿ ಚೆನ್ನಾಗಿದ್ದೂ ಸದ್ದಿಲ್ಲ ಅಂದರೆ ಶಿಫ್ಟ್ ಲಾಕಿಗೆ ಬೇರೆ ಫ್ಯೂಸ್ ಇದೆಯಾ ನೋಡಿ. ಆಮೇಲೆ ಉಳಿಯುವುದು ಸೊಲೆನಾಯ್ಡ್, ಲಿವರ್ ‘ಪಿ’ಯಲ್ಲಿದೆ ಅಂತ ಕಾರಿಗೆ ತಿಳಿಸುವ ‘ಪಿ’ ಸ್ವಿಚ್ ಮತ್ತು ವೈರು. ಇಲ್ಲಿಗೆ ನಿಮ್ಮ ಕೆಲಸ ಮುಗಿಯಿತು. ಮಧ್ಯದ ಕನ್ಸೋಲ್ ಬಿಚ್ಚಲು ಹೋಗಬೇಡಿ. ಅದರ ಕೆಳಗೆ ಅನೇಕ ಕಾರುಗಳಲ್ಲಿ ಏರ್‌ಬ್ಯಾಗ್ ನಿಯಂತ್ರಿಸುವ ಪೆಟ್ಟಿಗೆ ಇರುತ್ತದೆ. ಹಳದಿ ಬಣ್ಣದ ಪ್ಲಗ್ ಅಥವಾ ವೈರ್ ಎಲ್ಲಿ ಕಂಡರೂ ಮೀಟರ್ ಚುಚ್ಚಬಾರದು.

ಇಲಿಗಳನ್ನೂ ಮರೆಯಬೇಡಿ. ವಾರಗಟ್ಟಲೆ ಬೇಸ್‌ಮೆಂಟಿನಲ್ಲಿ ನಿಂತ ಕಾರು, ಪಕ್ಕದಲ್ಲಿ ಕಸದ ಡಬ್ಬ, ಬಾನೆಟ್ ಎತ್ತಿದರೆ ಹಿಕ್ಕೆ. ಇಷ್ಟು ಕಂಡರೆ ಮೊದಲ ಅನುಮಾನ ವೈರಿನ ಮೇಲೆಯೇ ಇರಲಿ.

ಲಕ್ಷಣ: ಬ್ರೇಕ್ ಲೈಟ್ ಆರುತ್ತಲೇ ಇಲ್ಲ, ಬ್ರೇಕ್ ಒತ್ತದೆಯೂ ಗೇರ್ ಬರುತ್ತದೆ

ಗೇರ್ ಬರುತ್ತಿದೆಯಲ್ಲ, ಸಮಸ್ಯೆ ಏನು ಅನ್ನಿಸಬಹುದು. ನನ್ನ ಪ್ರಕಾರ ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ಅಪಾಯದ್ದು ಇದೇ. 1980ರ ದಶಕದಲ್ಲಿ ಅಮೆರಿಕದಲ್ಲಿ ಆಡಿ 5000 ಕಾರುಗಳು ತಾವಾಗಿಯೇ ಮುನ್ನುಗ್ಗುತ್ತವೆ ಅಂತ ದೊಡ್ಡ ಗಲಾಟೆ ಆಗಿತ್ತು. 1989ರಲ್ಲಿ ಅಲ್ಲಿನ ಸರ್ಕಾರಿ ರಸ್ತೆ ಸುರಕ್ಷತಾ ಸಂಸ್ಥೆ ಕೊಟ್ಟ ವರದಿಯ ಪ್ರಕಾರ, ಹೆಚ್ಚಿನವರು ಬ್ರೇಕ್ ಅಂದುಕೊಂಡು ಆಕ್ಸಿಲರೇಟರ್ ತುಳಿದಿದ್ದರು. ಬ್ರೇಕ್ ಒತ್ತದೆ ‘ಪಿ’ ಬಿಡಬಾರದು ಅನ್ನುವ ಏರ್ಪಾಡು ಹರಡಿದ್ದಕ್ಕೆ ಆ ಗಲಾಟೆ ದೊಡ್ಡ ಕಾರಣ. ಕಾರಿನಲ್ಲಿ ಕೂತ ಮಗು ಆಟಕ್ಕೆ ಲಿವರ್ ಎಳೆದರೂ ಕಾರು ಉರುಳದಂತೆ ತಡೆಯುವುದೂ ಇದೇ ಲಾಕ್.

ಕಾರಣ ಸಾಮಾನ್ಯವಾಗಿ ಬಹಳ ಸಣ್ಣದು. ಪೆಡಲಿನ ತೋಳಿನಲ್ಲಿ ಸ್ವಿಚ್ಚಿನ ಮೂತಿ ತಾಗುವ ಕಡೆ ಒಂದು ಪ್ಲಾಸ್ಟಿಕ್ ಅಥವಾ ರಬ್ಬರಿನ ಸ್ಟಾಪರ್ ಇರುತ್ತದೆ. ವರ್ಷಗಳ ಬಿಸಿಲಿಗೆ ಅದು ಪುಡಿಯಾಗುತ್ತದೆ. ಆಗ ಸ್ವಿಚ್ಚಿನ ಮೂತಿ ಖಾಲಿ ತೂತಿನೊಳಗೆ ಹೋಗಿ, ಪೆಡಲ್ ಸದಾ ಒತ್ತಿದಂತೆಯೇ ಕಾರಿಗೆ ತೋರುತ್ತದೆ. ಡ್ರೈವರ್ ಮ್ಯಾಟ್ ಮೇಲೆ ಪ್ಲಾಸ್ಟಿಕ್ ಚೂರುಗಳು ಬಿದ್ದಿವೆಯಾ ನೋಡಿ. ಬಿದ್ದಿದ್ದರೆ ಎತ್ತಿಟ್ಟುಕೊಳ್ಳಿ, ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಲ್ಲಿ ಕಾರಿನ ಮಾಡೆಲ್, ವರ್ಷ ಹೇಳಿ ಚೂರು ತೋರಿಸಬಹುದು. ಹೊಸ ಸ್ಟಾಪರ್ ಹಾಕಿಸುವ ತನಕ ರಾತ್ರಿ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಡಿ. ಇಲ್ಲದಿದ್ದರೆ ಬ್ರೇಕ್ ಲೈಟ್ ಬೆಳಗಿನವರೆಗೂ ಉರಿದು ಬ್ಯಾಟರಿಯನ್ನೇ ಬರಿದು ಮಾಡುತ್ತದೆ.

ಲಕ್ಷಣ: ಇಳಿಜಾರಿನಲ್ಲಿ ಮಾತ್ರ ಗಟ್ಟಿ, ಬಿಟ್ಟಾಗ ‘ಧಡ್’ ಅಂತ ಸದ್ದು

ಹನುಮಂತನಗರ, ರಾಜರಾಜೇಶ್ವರಿನಗರದ ಕಡೆಯ ಏರುರಸ್ತೆಗಳಲ್ಲಿ ಮನೆ ಮುಂದೆ ಕಾರು ನಿಲ್ಲಿಸುವವರಿಗೆ ಇದು ಗೊತ್ತು. ಇದು ಶಿಫ್ಟ್ ಲಾಕ್ ದೋಷವಲ್ಲ. ‘ಪಿ’ಗೆ ಹಾಕಿದಾಗ ಗೇರ್‌ಬಾಕ್ಸಿನೊಳಗಿನ ಹಲ್ಲುಚಕ್ರಕ್ಕೆ ಒಂದು ಸಣ್ಣ ಕೊಕ್ಕೆ ಸಿಕ್ಕಿಕೊಳ್ಳುತ್ತದೆ. ಹ್ಯಾಂಡ್ ಬ್ರೇಕ್ ಹಾಕದೆ ಇಳಿದರೆ ಇಡೀ ಕಾರಿನ ಭಾರ ಆ ಕೊಕ್ಕೆಯ ಮೇಲೆ. ಈಗಿನ ಮಟ್ಟಿಗೆ ಬ್ರೇಕ್ ಬಲವಾಗಿ ಹಿಡಿದು ಲಿವರನ್ನು ಒಂದೇ ಸಮನೆ ಎಳೆಯಿರಿ. ಬರದಿದ್ದರೆ ಇಬ್ಬರು ಕಾರನ್ನು ಏರಿನ ಕಡೆಗೆ ಸ್ವಲ್ಪ ತಳ್ಳಿದರೆ ಭಾರ ತಗ್ಗುತ್ತದೆ. ತಳ್ಳುವವರು ಪಕ್ಕದಲ್ಲಿ ನಿಂತು ತಳ್ಳಲಿ, ಇಳಿಜಾರಿನ ಬದಿಗೆ ಯಾರೂ ನಿಲ್ಲಬಾರದು. ಮುಂದಿನ ಸಲದಿಂದ ಕಾಲು ಬ್ರೇಕ್ ಹಿಡಿದು ‘ಎನ್’ಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಕಾಲು ಬ್ರೇಕ್ ಮೆಲ್ಲಗೆ ಬಿಟ್ಟು ಕಾರು ಕೂತ ಮೇಲೆ ಮತ್ತೆ ಬ್ರೇಕ್ ಒತ್ತಿ ‘ಪಿ’ಗೆ ಹಾಕಿ.

ಲಕ್ಷಣ: ಕೀ ಹೊರಗೆ ಬರುತ್ತಿಲ್ಲ

ಲಿವರ್ ‘ಪಿ’ಯಲ್ಲಿದೆ ಅಂತ ಕಾರಿಗೆ ತಿಳಿಯುತ್ತಿಲ್ಲ. ಲಿವರನ್ನು ಇನ್ನೊಮ್ಮೆ ಮುಂದಕ್ಕೆ ಒತ್ತಿ ನೋಡಿ. ಡ್ಯಾಶ್‌ಬೋರ್ಡಿನಲ್ಲಿ ‘ಪಿ’ ತೋರಿಸುತ್ತಿದೆಯಾ ಗಮನಿಸಿ. ಪುಶ್ ಬಟನ್ ಕಾರಾದರೆ ಆಫ್ ಮಾಡಿದರೂ ಪೂರ್ತಿ ಆಫ್ ಆಗದೆ ಆಕ್ಸೆಸರಿಯಲ್ಲೇ ನಿಲ್ಲುತ್ತದೆ. ಕಾರಣ ಒಂದೇ, ‘ಪಿ’ ಸ್ವಿಚ್ ಅಥವಾ ಅದರ ಹತ್ತಿರದ ಕೊಳೆ.

ಲಕ್ಷಣ: ಲಿವರ್ ಸಡಿಲವಾಗಿ ಓಡಾಡುತ್ತದೆ, ಗೇರ್ ಬದಲಾಗುವುದಿಲ್ಲ

ಇಲ್ಲಿಗೆ ನಿಲ್ಲಿಸಿ. ಲಿವರಿನಿಂದ ಗೇರ್‌ಬಾಕ್ಸಿಗೆ ಹೋಗುವ ಕೇಬಲ್ ಅಥವಾ ಅದರ ತುದಿಯ ಬುಶ್ ಕಳಚಿದೆ. ಲಿವರ್ ‘ಪಿ’ ಅಂದರೂ ಗೇರ್‌ಬಾಕ್ಸ್ ‘ಡಿ’ಯಲ್ಲಿ ಇರಬಹುದು. ಸ್ಟಾರ್ಟ್ ಮಾಡಿ ಪರೀಕ್ಷಿಸಬೇಡಿ. ಹ್ಯಾಂಡ್ ಬ್ರೇಕ್, ಚಕ್ರಕ್ಕೆ ಕಲ್ಲು, ಮೆಕ್ಯಾನಿಕ್ಕಿಗೆ ಫೋನ್. ಅಷ್ಟೇ.

ಶಿಫ್ಟ್ ಲಾಕ್ ರಿಲೀಸ್: ತುರ್ತಿನ ದಾರಿ

ಅನೇಕ ಕಾರುಗಳಲ್ಲಿ ಲಿವರಿನ ಪಕ್ಕ ಬೆರಳಗಲದ ಒಂದು ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ. ಕೆಲವದರಲ್ಲಿ ನೇರವಾಗಿ ಒಂದು ಬಟನ್. ಮುಚ್ಚಳ ಎಬ್ಬಿಸಲು ಸ್ಕ್ರೂಡ್ರೈವರ್ ತುದಿಗೆ ಬಟ್ಟೆ ಸುತ್ತಿಕೊಳ್ಳಿ, ಗೀಚು ಬೀಳುವುದಿಲ್ಲ. ಹ್ಯಾಂಡ್ ಬ್ರೇಕ್ ಹಾಕಿ, ಎಂಜಿನ್ ಆಫ್ ಮಾಡಿ, ಬ್ರೇಕ್ ಒತ್ತಿ ಹಿಡಿದು, ತೂತಿನಲ್ಲಿ ಕೀ ಅಥವಾ ಸ್ಕ್ರೂಡ್ರೈವರ್ ಒತ್ತಿಕೊಂಡೇ ಲಿವರನ್ನು ‘ಎನ್’ಗೆ ತನ್ನಿ. ಆಮೇಲೆ ‘ಎನ್’ನಲ್ಲೇ ಸ್ಟಾರ್ಟ್ ಮಾಡಬಹುದು. ಎಲ್ಲ ಕಾರಿನಲ್ಲೂ ಜಾಗ ಒಂದೇ ಇರುವುದಿಲ್ಲ, ಕೈಪಿಡಿಯಲ್ಲಿ ಚಿತ್ರ ಇರುತ್ತದೆ. ಗೇರಿಗೆ ಲಿವರ್ ಬದಲು ಬಟನ್ ಅಥವಾ ತಿರುಗುವ ಗುಂಡಿ ಇರುವ ಕಾರುಗಳಲ್ಲಿ ಇಂಥ ತೂತು ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿ ಸ್ಕ್ಯಾನರ್ ಇಲ್ಲದೆ ಏನೂ ಮಾಡಬೇಡಿ.

ನಮ್ಮೂರಿನಲ್ಲಿ ಈ ತೂತನ್ನು ದೋಷಕ್ಕಿಂತ ಜಾಸ್ತಿ ಪಾರ್ಕಿಂಗಿಗೇ ಬಳಸುತ್ತಾರೆ. ಒಂದರ ಹಿಂದೆ ಒಂದು ಕಾರು ನಿಲ್ಲಿಸುವ ಕಡೆ, ‘ನ್ಯೂಟ್ರಲ್ ಬಿಡಿ ಸಾರ್, ತಳ್ಕೋತೀವಿ’ ಅನ್ನುತ್ತಾರಲ್ಲ, ಅಲ್ಲಿ. ಸಮತಟ್ಟಾದ ಜಾಗವಾದರೆ ಪರವಾಗಿಲ್ಲ. ಆದರೆ ‘ಎನ್’ಗೆ ಹಾಕಿದ ಮೇಲೆ ಆಫ್ ಮಾಡಿದರೆ ಕಾರು ಆಕ್ಸೆಸರಿಯಲ್ಲೇ ಉಳಿಯಬಹುದು. ರಾತ್ರಿಯೆಲ್ಲ ಬ್ಯಾಟರಿ ಸೋರುತ್ತದೆ, ಬೆಳಿಗ್ಗೆ ಸೊಲೆನಾಯ್ಡ್ ಎಳೆಯುವಷ್ಟೂ ಶಕ್ತಿ ಇರುವುದಿಲ್ಲ. ಹಾಗಾಗಿ ಮೊದಲು ‘ಪಿ’ಯಲ್ಲಿ ಪೂರ್ತಿ ಆಫ್ ಮಾಡಿ, ಆಮೇಲೆ ರಿಲೀಸ್ ಒತ್ತಿ ‘ಎನ್’ಗೆ ತನ್ನಿ.

ದೋಷಕ್ಕೆ ಬಳಸಿದರೆ ಇದು ಗ್ಯಾರೇಜ್ ತಲುಪುವವರೆಗಿನ ಉಪಾಯ ಮಾತ್ರ. ಬ್ರೇಕ್ ಲೈಟ್ ಹೊತ್ತದೆ ಇದ್ದರೆ ಅಷ್ಟಕ್ಕೂ ಬಳಸಬೇಡಿ.

ನೀರಿಗೆ ಸಿಕ್ಕ ಕಾರು

2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರಿನ ಕಡೆ ಬೇಸ್‌ಮೆಂಟುಗಳೇ ಮುಳುಗಿದ್ದವು. ಸೀಟಿನ ಮಟ್ಟಕ್ಕೆ ನೀರು ಬಂದ ಕಾರಿನಲ್ಲಿ ಗೇರ್ ಬರುತ್ತಿಲ್ಲ ಅಂದರೆ ಇಲ್ಲಿನ ಯಾವ ಪರೀಕ್ಷೆಯನ್ನೂ ಮಾಡಬೇಡಿ. ಇಗ್ನಿಷನ್ ಆನ್ ಮಾಡುವುದೇ ಬೇಡ. ಫೋಟೋ ತೆಗೆದು ವಿಮೆಯವರಿಗೆ ತಿಳಿಸಿ, ಟೋ ಮಾಡಿಸಿ.

ಟೋ ಮಾಡಿಸುವಾಗ, ಗ್ಯಾರೇಜಿನಲ್ಲಿ

‘ಪಿ’ಯಲ್ಲಿ ಸಿಕ್ಕಿದ ಕಾರನ್ನು ಹಗ್ಗ ಕಟ್ಟಿ ಎಳೆಸಬೇಡಿ. ಡ್ರೈವ್ ಚಕ್ರಗಳು ಲಾಕ್ ಆಗಿರುತ್ತವೆ. ಎಳೆದರೆ ಗೇರ್‌ಬಾಕ್ಸಿಗೇ ಏಟು. ಫೋನ್ ಮಾಡುವಾಗಲೇ ಫ್ಲಾಟ್‌ಬೆಡ್ (ಇಡೀ ಕಾರನ್ನು ಮೇಲೆ ಹೊತ್ತೊಯ್ಯುವ ಗಾಡಿ) ಬೇಕು ಅನ್ನಿ, ಬೇಸ್‌ಮೆಂಟಿನ ಎತ್ತರ ಎಷ್ಟಿದೆ ಅಂತಲೂ ಹೇಳಿ. ದೊಡ್ಡ ಗಾಡಿ ರ‍್ಯಾಂಪಿನ ಬಾಯಲ್ಲೇ ನಿಂತುಬಿಡುತ್ತದೆ. ಹಾಗಾದಾಗ ರಿಲೀಸ್ ಒತ್ತಿ ‘ಎನ್’ಗೆ ತಂದು, ಚಕ್ರದ ಕೆಳಗೆ ಟ್ರಾಲಿ ಕೊಟ್ಟು ಹೊರತರುತ್ತಾರೆ. ರಾಷ್ಟ್ರೀಯ ಹೆದ್ದಾರಿಯಲ್ಲಿ ನಿಂತರೆ ಹೆದ್ದಾರಿ ಸಹಾಯವಾಣಿ 1033ಕ್ಕೆ ಕರೆ ಮಾಡಿ, ಹಜಾರ್ಡ್ ಲೈಟ್ ಹಾಕಿ, ಕಾರಿನಿಂದ ಇಳಿದು ತಡೆಬೇಲಿಯ ಆಚೆ ನಿಲ್ಲಿ.

ಗ್ಯಾರೇಜಿನಲ್ಲಿ ‘ಗೇರ್ ಬರ್ತಿಲ್ಲ’ ಅಂತಷ್ಟೇ ಹೇಳಬೇಡಿ. ಬ್ರೇಕ್ ಲೈಟ್ ಹೊತ್ತಿತಾ, ಟಕ್ ಸದ್ದು ಬಂತಾ, ಬ್ಯಾಟರಿ ಎಷ್ಟು ವೋಲ್ಟ್ ಇತ್ತು, ರಿಲೀಸ್ ಒತ್ತಿದಾಗ ಬಂತಾ, ಈ ನಾಲ್ಕು ಉತ್ತರ ಕೊಡಿ. ಕೆಲವು ಕಾರುಗಳಲ್ಲಿ ಸೊಲೆನಾಯ್ಡ್ ಬಿಡಿಯಾಗಿ ಬರುವುದಿಲ್ಲ, ಇಡೀ ಲಿವರ್ ಅಸೆಂಬ್ಲಿಯನ್ನೇ ಕೊಳ್ಳಬೇಕಾಗುತ್ತದೆ. ಹಾಗಾಗಿ ಅಸೆಂಬ್ಲಿ ಬದಲಿಸಲು ಒಪ್ಪುವ ಮೊದಲು ಎರಡು ಪ್ರಶ್ನೆ ಕೇಳಿ: ಸೊಲೆನಾಯ್ಡ್ ಪ್ಲಗ್‌ವರೆಗೆ ಕರೆಂಟ್ ಬರುತ್ತಿದೆಯಾ ಅಂತ ಮೀಟರ್ ಇಟ್ಟು ನೋಡಿದಿರಾ? ಬ್ರೇಕ್ ಸ್ವಿಚ್ ಬದಲಿಸಿ ನೋಡಿದಿರಾ? ನೇರವಾಗಿ ಗೇರ್‌ಬಾಕ್ಸ್ ಇಳಿಸಬೇಕು ಅನ್ನುವವರಿದ್ದರೆ ಕಾರನ್ನು ಬೇರೆ ಕಡೆ ಒಯ್ಯಿರಿ.